ಬಂಡಿಯಲ್ಲಿ ಮಲಗಿದ ಚಂಡಮುಷ್ಟಿ

ಜನವರಿ 9

ಪ್ರೀತಿಯ ಭಾವನವರಿಗೆ,

ನಾನು ಸುಖವಾಗಿ ಬಂದು ತಲುಪಿದೆ. ಸುಖ ಇನ್ನೂ ತಲುಪಿಲ್ಲ. ಮುಂದಿನ ಗಾಡಿಗೆ ಬರಬಹುದು. ಟಯರ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಬೆಳಿಗ್ಗೆ ಏಳಕ್ಕೆ ಕೆಳಗೆ ಸುತ್ತಿಗೆಯ ಪೆಟ್ಟು ಶುರುವಾದರೆ ನನ್ನ ಮಂಚ ಒಂದೊಂದೇ ಅಂಗುಲ ಬಾಗಿಲ ಕಡೆಗೆ ಹೊರಡುತ್ತದೆ. ಶನಿವಾರದ ಹೊತ್ತಿಗೆ ಹೊಸ್ತಿಲಲ್ಲಿ ಇರುತ್ತದೆ. ಕಚೇರಿ ಹತ್ತಿರವೇ. ಹೊಳೆಗೊಂದು ಸೇತುವೆ ಬೇಕಂತೆ. ಹದಿನೆಂಟು ತಿಂಗಳು ಕೂತು ನಾನು ಅದರ ನಕ್ಷೆ ಬರೆಯಬೇಕಂತೆ. ಕಟ್ಟುವುದು ಆಮೇಲಿನ ಮಾತು.

ಮೊದಲ ದಿನವೇ ಮೇಲಧಿಕಾರಿ ಕೇಳಿದರು: "ಭಾನುವಾರ ಏನ್ ಮಾಡ್ತೀರಿ?"

ಮೂರು ವರ್ಷದಿಂದ ಮಾಡುತ್ತಿದ್ದುದನ್ನೇ ಹೇಳಿದೆ. "ನಾಲ್ಕು ಜನ ಮೇಜಿನ ಸುತ್ತ ಕೂತ್ಕೋತೀವಿ ಸಾರ್. ನಮ್ಮ ಭಾವ ಸೂತ್ರಧಾರ. ಎದುರಿಗೆ ಏನಿದೆ ಅಂತ ಅವರು ಹೇಳ್ತಾರೆ, ಏನ್ ಮಾಡ್ತೀವಿ ಅಂತ ನಾವು ಹೇಳ್ತೀವಿ. ಅದು ಆಯ್ತೋ ಇಲ್ವೋ ಅಂತ ದಾಳ ಹೇಳುತ್ತೆ. ನಾನು ಚಂಡಮುಷ್ಟಿ ಅನ್ನೋ ವೀರ."

"ಯಾರು ಗೆಲ್ತಾರೆ?"

"ಯಾರೂ ಗೆಲ್ಲಲ್ಲ ಸಾರ್. ಬದುಕಿದ್ರೆ ಮುಂದಿನ ವಾರ ಬರ್ತೀವಿ."

ಅವರು ನನ್ನನ್ನು ಒಂದು ನಿಮಿಷ ನೋಡಿ, ನನ್ನ ಮೇಜಿನ ಮೇಲಿದ್ದ ಚೂಪು ಕೈವಾರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಇರಲಿ. ನಮ್ಮ ಮುರುಕುನಾಡು ಹೇಗಿದೆ? ರಾಜ ಸತ್ತು, ಐದು ಜನ ಪಾಳೆಯಗಾರರು ಕಿತ್ತಾಡುತ್ತಿರುವ ಆ ನಾಡನ್ನು ಕಲ್ಪಿಸಿದವರು ನೀವಾದರೂ ನಕ್ಷೆ ಬರೆದವನು ನಾನು. ಅಲ್ಲಿನ ಒಂದೊಂದು ಹಳ್ಳವೂ ನನ್ನ ಪೆನ್ಸಿಲಿನಿಂದ ಹರಿದದ್ದು. "ಬಾರದವನ ಪಾತ್ರವು ಬಂಡಿಯಲ್ಲಿ ಮಲಗಿರತಕ್ಕದ್ದು, ಅವನನ್ನು ಯಾರೂ ಎಬ್ಬಿಸತಕ್ಕದ್ದಲ್ಲ" ಎಂದು ನೀವೇ ಕಾನೂನು ಮಾಡಿದ್ದೀರಿ. ಆದ್ದರಿಂದ ಚಂಡಮುಷ್ಟಿ ಈಗ ಬಂಡಿಯಲ್ಲಿ ಮಲಗಿರುತ್ತಾನೆ. ಒಂದು ಕಂಬಳಿ ಹೊದಿಸಿ. ಕಿಟಕಿ ಪಕ್ಕದ ನನ್ನ ಕುರ್ಚಿ ಖಾಲಿ ಇದ್ದೇ ಇರುತ್ತದೆ, ಅದನ್ನು ಕೇಳುವುದೂ ತಪ್ಪು. ಆದರೂ, ಖಾಲಿ ಇದೆ ತಾನೆ?

ಅಕ್ಕನಿಗೆ ನನ್ನ ನೆನಪು ಹೇಳಿ. ಆಟದ ನಡುವೆ ಚಹಾ ತಂದಿಟ್ಟು "ಮೀಸೆ ಬೆಳ್ಳಗಾದ ಮಕ್ಕಳು" ಎಂದು ನಿಟ್ಟುಸಿರು ಬಿಡುತ್ತಿದ್ದಳಲ್ಲ, ಆ ನಿಟ್ಟುಸಿರಿಗೂ ನಾನಿಲ್ಲಿ ಗತಿಯಿಲ್ಲದವನಾಗಿದ್ದೇನೆ.

ನಿಮ್ಮ ಬಾಮೈದ


ಜನವರಿ 21

ಬಾಮೈದನಿಗೆ,

ನಿನ್ನ ಕಾಗದ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ನಾನು ವರ್ಕ್‌ಶಾಪಿನಲ್ಲಿ ಎರಡು ಮೇಲಿನ ಸೆಟ್ಟು, ಒಂದು ಕೆಳಗಿನ ಸೆಟ್ಟು ಕಟ್ಟುಹಲ್ಲು ಮುಗಿಸಿದೆ. ಅಂಚೆಯವರಿಗಿಂತ ಮುದುಕರ ದವಡೆ ಬೇಗ ಕೆಲಸ ಮಾಡುತ್ತದೆ.

ಮುರುಕುನಾಡಿನಲ್ಲಿ ಎಲ್ಲರೂ ಜೌಗು ದಾಟಿದರು. ಚಂಡಮುಷ್ಟಿಯನ್ನೂ ದಾಟಿಸಿದರು. ಮಂತ್ರವಾದಿಯಾಗಿ ಆಡುವ ಬೇಕರಿಯವರು ಗೊಣಗಿದ್ದು ನಿಜ: "ಆ ಮಲಗಿರೋ ಪ್ರಾಣೀನ ಎಷ್ಟು ದಿನ ಎಳೆಯೋದು? ಎತ್ತು ನನ್ನನ್ನೇ ದುರುಗುಟ್ಟಿ ನೋಡ್ತಿದೆ." ಬಿಲ್ಲುಗಾರನಾಗಿ ಆಡುವ ಗಡಿಯಾರ ರಿಪೇರಿಯವರು ಎಂದಿನಂತೆ ಮಾತಾಡಲಿಲ್ಲ.

ಕುರ್ಚಿ ಖಾಲಿ ಇಲ್ಲ. ಒಬ್ಬರು ಹೊಸಬರು ಕೂರುತ್ತಿದ್ದಾರೆ. ತಾವು ಯಾರೆಂದು ನಿನಗೆ ಹೇಳಕೂಡದೆಂದು ಅವರದೇ ಷರತ್ತು. ಒಪ್ಪಿದ್ದೇನೆ, ನೀನು ಕೇಳಬೇಡ. ಅವರ ಪಾತ್ರ ಒಬ್ಬ ಜೇಬುಗಳ್ಳ, ಹೆಸರು ಮೆತ್ತಗೈ. ಎರಡನೆಯ ಪಾಳೆಯಗಾರನ ಕೋಟೆ ನೆನಪಿದೆಯಲ್ಲ? ಮೂರು ವರ್ಷದಲ್ಲಿ ನೀವು ಅದಕ್ಕೆ ಏಣಿ ಹಾಕಿದಿರಿ, ಸುರಂಗ ತೋಡಿದಿರಿ, ಬೆಂಕಿ ಇಟ್ಟಿರಿ. ಹೊಸಬರು ಬಂದ ದಿನ, "ಬಾಗಿಲು ತಟ್ಟಿ ಕೇಳಿದ್ರೆ ಆಗಲ್ವಾ?" ಎಂದರು. ತಟ್ಟಿದರು. ದಾಳ ಬಿತ್ತು. ಬಾಗಿಲು ತೆರೆಯಿತು. ಒಳಗೆ ಏನಿದೆಯೆಂದು ನಾನೇ ಯೋಚಿಸಿರಲಿಲ್ಲವಾದ್ದರಿಂದ ಹತ್ತು ನಿಮಿಷ ಕೆಮ್ಮಬೇಕಾಯಿತು.

ಚೆನ್ನಾಗಿ ಆಡುತ್ತಾರೆ. ನಿನಗೆ ಸಂತೋಷವಾಗುತ್ತದೆಂದು ಬರೆದೆ.

ಭಾವ


ಫೆಬ್ರವರಿ 2

ಭಾವನವರಿಗೆ,

ಸಂತೋಷ ಹೇಗಾಯಿತೆಂದರೆ ಎರಡು ದಿನ ಊಟ ಸೇರಲಿಲ್ಲ.

ಹೆಸರು ಹೇಳಬೇಡಿ ಎನ್ನುವ ಹೊಸಬರು ಯಾರೆಂದು ನನಗೆ ಗೊತ್ತಿಲ್ಲವೆ? ಮೂಲೆಯ ಔಷಧಿ ಅಂಗಡಿಯವನು! ಎರಡು ವರ್ಷದಿಂದ "ಅದೇನೋ ಆಟ ಅಂತೆ, ಒಂದು ದಿನ ನಾನೂ ಬರ್ಲಾ?" ಎಂದು ಹಲ್ಲು ಕಿರಿಯುತ್ತಿದ್ದವನು. ನಾನು ಊರು ಬಿಡುವ ದಿನ ಬಸ್‌ಸ್ಟ್ಯಾಂಡಿಗೆ ಬಂದು ಕೈ ಕುಲುಕಿದ. ಇವನಿಗೇಕೆ ನನ್ನ ಮೇಲೆ ಇಷ್ಟು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿ ನನ್ನ ಮೇಲಲ್ಲ, ಕುರ್ಚಿಯ ಮೇಲೆ. ಮೆತ್ತಗೈಯಂತೆ! ದಿನವಿಡೀ ಮಾತ್ರೆ ಎಣಿಸುವವನ ಕೈ ಮೆತ್ತಗಿರದೆ ಇನ್ನೇನು?

ಬಾಗಿಲು ತಟ್ಟುವುದು ಒಂದು ಸಾಹಸವೆ? ಹಾಲಿನವನೂ ತಟ್ಟುತ್ತಾನೆ.

ಭಾವ, ಕಾನೂನಿನಲ್ಲಿ "ಬಾರದವನು" ಎಂದಿದೆ. ನನ್ನ ಕಾಗದ ಬಂದರೆ ನಾನು ಬಂದಂತೆ. ಆದ್ದರಿಂದ ಇಂದಿನಿಂದ ನಾನು ಅಂಚೆಯಲ್ಲಿ ಆಡುತ್ತೇನೆ. ಜೊತೆಗಿರುವ ಅಂಟಿಸಿದ ಲಕೋಟೆಯನ್ನು ಭಾನುವಾರ ಮೇಜಿನ ಮುಂದೆಯೇ ಒಡೆಯಬೇಕು, ಬರೆದದ್ದು ಬರೆದಂತೆ ನಡೆಯಬೇಕು. ನನ್ನ ಲೆಕ್ಕದಲ್ಲಿ ನೀವು ಆ ಹೊತ್ತಿಗೆ ಮೂರನೆಯ ಸೇತುವೆಯ ಮೇಲಿರುತ್ತೀರಿ. ಎದುರಿಗೆ ಗಡ್ಡದ ಪಾಳೆಯಗಾರ ಇರುತ್ತಾನೆ. ಆಮೇಲೆ ನೋಡೋಣ, ಯಾರು ಚೆನ್ನಾಗಿ ಆಡುತ್ತಾರೆಂದು.

ಇಲ್ಲಿ ಹೇಳುವಂಥದ್ದೇನಿಲ್ಲ. ಭಾನುವಾರಗಳಲ್ಲಿ ಸ್ವಲ್ಪ ಕೆಲಸವಿರುತ್ತದೆ.

ಬಾಮೈದ


ಫೆಬ್ರವರಿ 15

ಬಾಮೈದನಿಗೆ,

ಲಕೋಟೆ ಒಡೆದೆವು. "ಚಂಡಮುಷ್ಟಿಯು ಥಟ್ಟನೆ ಎದ್ದು, ಕತ್ತಿ ಹಿರಿದು, ಎದುರಿಗೆ ಸಿಕ್ಕ ಮೊದಲ ಗಡ್ಡದವನ ಕುತ್ತಿಗೆ ಹಿಡಿಯುತ್ತಾನೆ" ಎಂದು ಗಡಿಯಾರದವರು ಎದ್ದು ನಿಂತು ಓದಿದರು. ಬರೆದಂತೆಯೇ ನಡೆಸಿದೆ. ಸೂತ್ರಧಾರನಿಗೂ ಒಂದು ನಿಯತ್ತು ಅಂತ ಇರುತ್ತದೆ.

ಒಂದೇ ತೊಂದರೆಯೆಂದರೆ, ನಾವು ಸೇತುವೆಯನ್ನು ಹಿಂದಿನ ವಾರವೇ ದಾಟಿದ್ದೆವು. ಲಕೋಟೆ ಒಡೆದಾಗ ಸಂಧಾನದ ಚಪ್ಪರದಲ್ಲಿದ್ದೆವು. ಹನ್ನೊಂದು ವರ್ಷ ಹೊಡೆದಾಡಿದ ಇಬ್ಬರು ಪಾಳೆಯಗಾರರು ಎದುರುಬದುರು ಕೂತಿದ್ದರು. ಇಬ್ಬರೂ ನಂಬುವ ಒಬ್ಬನೇ ಮನುಷ್ಯ, ತೊಂಬತ್ತು ವರ್ಷದ ಮುದುಕ, ನಡುವೆ ನಿಂತಿದ್ದ. ಅವನಿಗೆ ಗಡ್ಡವಿತ್ತು.

ಚಂಡಮುಷ್ಟಿ ಹಾರಿ ಅವನ ಕುತ್ತಿಗೆ ಹಿಡಿದ. ಪಾಳೆಯಗಾರರಿಬ್ಬರೂ ಕತ್ತಿ ಹಿರಿದರು. ಬೇಕರಿಯವರು ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟುಬಿಟ್ಟರು. ಅವರು ಅದನ್ನು ಕೆಳಗಿಟ್ಟದ್ದನ್ನು ನಾನು ಹಿಂದೆ ಕಂಡಿಲ್ಲ.

ಆಗ ಮೆತ್ತಗೈ ಎದ್ದ. "ಯಾರೂ ಕೂಗ್ಬೇಡಿ. ಇವರಿಗೆ ನಿದ್ದೇಲಿ ನಡೆಯೋ ಕಾಯಿಲೆ. ಎಚ್ಚರ ಆದ್ರೆ ಹೆದರ್ಕೋತಾರೆ. ಮೂರು ಎಣಿಸೋದ್ರೊಳಗೆ ಕತ್ತಿ ಒಳಗೆ ಹೋಗ್ಬೇಕು. ಒಂದು... ಎರಡು..." ಇಪ್ಪತ್ತು ಮುಖದ ದಾಳ ಹತ್ತೊಂಬತ್ತಕ್ಕೆ ನಿಂತಿತು. ಕತ್ತಿಗಳು ಒಳಗೆ ಹೋದವು. ಪಾಳೆಯಗಾರರು ತಾವೇ ಬಂದು, ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ ಹಿಡಿದು, ನಿನ್ನ ಚಂಡಮುಷ್ಟಿಯನ್ನು ಮತ್ತೆ ಬಂಡಿಗೆ ಸಾಗಿಸಿದರು. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಜೊತೆಯಾಗಿ ಮಾಡಿದ ಮೊದಲ ಕೆಲಸ ಅದು. ಅಲ್ಲೇ ರಾಜಿಯೂ ಆಯಿತು.

ಈಗ ಮುರುಕುನಾಡಿನ ಮೂಲೆಮೂಲೆಯಲ್ಲೂ ನಿನ್ನ ವೀರನ ಹೆಸರು ಹಬ್ಬಿದೆ. ನಿದ್ದೆವೀರ ಎನ್ನುತ್ತಾರೆ. ಮಕ್ಕಳು ಕೈ ಬೀಸುತ್ತಾರೆ.

ಭಾವ


ಫೆಬ್ರವರಿ 26

ಭಾವ,

ಬರೆಯುವ ಕಾಗದ ಮುಗಿದಿದೆ. ಅಂಗಡಿಗೆ ಹೋಗುವಷ್ಟು ತಾಳ್ಮೆ ಇಲ್ಲ. ಕೈಗೆ ಸಿಕ್ಕ ರದ್ದಿ ಹಾಳೆಯ ಬೆನ್ನಿನಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ. ನಾನು ಎಷ್ಟೆಲ್ಲ ಸಹಿಸಿಕೊಂಡಿಲ್ಲ!

ನಿದ್ದೆವೀರ! ತೋಳಗಳ ಕಣಿವೆಯಲ್ಲಿ ಒಂಟಿಯಾಗಿ ನಿಂತವನು! ಹಾಳು ಗೋಪುರದಲ್ಲಿ ನಿಮ್ಮ ದಾಳ ಮೂರು ಸಲ ಕೈಕೊಟ್ಟರೂ ಹಿಂದೆ ಸರಿಯದವನು! ಅವನನ್ನು ಕಾಲು ಹಿಡಿದು ಎಳೆದು ಬಂಡಿಗೆ ಹಾಕಿದರೆ? ಅದಕ್ಕೆ ನೀವು ಇಷ್ಟು ಉದ್ದ ಕಾಗದ ಬರೆಯುತ್ತೀರಿ, ಅದರಲ್ಲಿ ಮುಕ್ಕಾಲು ಪಾಲು ಮೆತ್ತಗೈ, ಮೆತ್ತಗೈ, ಮೆತ್ತಗೈ. ನಾನು ಮೂರು ವರ್ಷ ಪ್ರಾಣ ಒತ್ತೆಯಿಟ್ಟು ಆಡಿದಾಗ ನನ್ನ ಬಗ್ಗೆ ಯಾರಿಗಾದರೂ ನಾಲ್ಕು ಸಾಲು ಬರೆದಿದ್ದಿರಾ?

ಮೂರು ಎಣಿಸಿದರೆ ಕತ್ತಿ ಒಳಗೆ ಹೋಗುತ್ತದಂತೆ. ಔಷಧಿ ಅಂಗಡಿಯವನಿಗೆ ಇಷ್ಟು ಬುದ್ಧಿ ಯಾವಾಗ ಬಂತು? ಇದನ್ನೆಲ್ಲ ಎಲ್ಲೋ ಕೇಳಿ ಕದ್ದಿದ್ದಾನೆ. ಕಳ್ಳನ ಪಾತ್ರ ಸುಮ್ಮನೆ ಆರಿಸಿಕೊಂಡಿಲ್ಲ.

ನೀವು ಬದಲಾಗಿದ್ದೀರಿ ಭಾವ. ನಾನಾದರೆ ಒಂದು ನಾಡಿಗೆ, ಒಂದು ಮೇಜಿಗೆ ನಿಯತ್ತಾಗಿ ಇದ್ದವನು.

ಬಾಮೈದ


ಮಾರ್ಚ್ 9

ಮಾನ್ಯರೇ,

ತಮ್ಮ ಫೆಬ್ರವರಿ 26ರ ಪತ್ರ ತಲುಪಿತು. ಎರಡೂ ಬದಿ ಓದಿದೆ.

ಹಿಂಬದಿಯಲ್ಲಿ ಮುರುಕುನಾಡಿನ ನಕ್ಷೆಯಿದೆ. ಟ್ರೇಸಿಂಗ್ ಬಹಳ ಚೊಕ್ಕವಾಗಿದೆ, ತಮ್ಮ ಕೈಯನ್ನು ಯಾರೂ ಗುರುತಿಸಬಲ್ಲರು. ನನ್ನ ಜೌಗು, ನನ್ನ ಮೂರು ಸೇತುವೆ, ನನ್ನ ಹಾಳು ಗೋಪುರ ಎಲ್ಲವೂ ಇದ್ದಲ್ಲೇ ಇವೆ. ಉತ್ತರದ ಗುಡ್ಡದ ಮೇಲೆ ಮಾತ್ರ ನಾನು ಕಟ್ಟದ ಒಂದು ಕೋಟೆ ಎದ್ದಿದೆ. ಅದರ ಪಕ್ಕ ಕೆಂಪು ಶಾಯಿಯಲ್ಲಿ, "ಟಯರ್ ಅಂಗಡಿಯಮ್ಮ ಇಲ್ಲಿ ಗಾಯಗೊಂಡರು, ಮುಂದಿನ ಭಾನುವಾರ ಮದ್ದು" ಎಂದು ಬರೆದಿದೆ.

"ಭಾನುವಾರಗಳಲ್ಲಿ ಸ್ವಲ್ಪ ಕೆಲಸವಿರುತ್ತದೆ."

ಎಷ್ಟು ದಿನದಿಂದ ನಡೆಯುತ್ತಿದೆ? ಎಷ್ಟು ಜನ? ನನ್ನ ಪಾಳೆಯಗಾರರನ್ನು ಯಾರ ದನಿಯಲ್ಲಿ ಮಾತಾಡಿಸುತ್ತಿದ್ದೀರಿ? ಎರಡನೆಯವನು ತೊದಲುತ್ತಾನೆ, ಅದಾದರೂ ನೆನಪಿದೆಯೆ? ನನ್ನ ಬೆನ್ನ ಹಿಂದೆ ನನ್ನದೇ ನಾಡನ್ನು ಕೊಂಡುಹೋಗಿ, ಗುರುತಿಲ್ಲದವರನ್ನು ಕರೆದು ಕೂರಿಸಿ, ಮತ್ತೆ ನನಗೇ ನಿಯತ್ತಿನ ಪಾಠ. ಎರಡು ತಿಂಗಳಿಂದ ಕುರ್ಚಿ, ಕುರ್ಚಿ ಎಂದು ನನ್ನ ಪ್ರಾಣ ತಿಂದವರು ತಾವೇ ಅಲ್ಲವೆ?

ಭಾನುವಾರ ಮೇಜಿನ ಮುಂದೆ ವಿಷಯ ಇಟ್ಟೆ. ಬೇಕರಿಯವರು, "ಹಾಗಾದ್ರೆ ಆ ಬಂಡಿ ಇನ್ಯಾಕೆ?" ಎಂದರು. ಗಡಿಯಾರದವರು ತಲೆಯಾಡಿಸಿದರು. ಹೊಸಬರು ಮಾತ್ರ ಎದ್ದು ಒಳಗೆ ಹೋದರು. ಈ ತಿಂಗಳ ಕೊನೆಯೊಳಗೆ ತಮ್ಮಿಂದ ಸರಿಯಾದ ಉತ್ತರ ಬಾರದಿದ್ದರೆ ಬಂಡಿಯನ್ನು ಜೌಗಿನ ದಂಡೆಯಲ್ಲಿ ಬಿಟ್ಟು ಮುಂದೆ ಹೋಗುವುದೆಂದು ತೀರ್ಮಾನವಾಗಿದೆ. ಅಲ್ಲಿ ಏನೇನು ಇರುತ್ತದೆಂದು ತಮಗೇ ಗೊತ್ತು. ತಾವೇ ಚಿತ್ರ ಬರೆದಿದ್ದೀರಿ.

ಇಂತಿ,
ಮುರುಕುನಾಡಿನ ಸೂತ್ರಧಾರ


ಮಾರ್ಚ್ 18

ಭಾವ,

ನನ್ನನ್ನು ಬೇಕಾದಷ್ಟು ಬೈಯಿರಿ, "ಮಾನ್ಯರೇ" ಎನ್ನಬೇಡಿ. ಅದನ್ನು ಓದಿ ಹಾಳೆ ಕೆಳಗಿಟ್ಟವನು ಕಚೇರಿಗೆ ಹೋಗುವುದನ್ನೇ ಮರೆತೆ.

ಬಂದ ಎರಡನೆಯ ವಾರ ಮೇಲಧಿಕಾರಿ ನನ್ನ ಮೇಜಿನ ಬಳಿ ಬಂದು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು: "ಬದುಕಿದ್ರೆ ಮುಂದಿನ ವಾರ ಬರ್ತೀವಿ ಅಂದ್ರಲ್ಲ, ಅದು ನನ್ನ ತಲೇಲೇ ಕೂತಿದೆ ಕಣ್ರೀ. ನಾನೂ ಬರ್ಬಹುದಾ?" ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೆಳಗಿನ ಟಯರ್ ಅಂಗಡಿಯಮ್ಮ ಸದ್ದು ಕೇಳಿ ಬಂದರು. ಇಬ್ಬರೇ, ಭಾವ. ಮೇಲಧಿಕಾರಿ ಫೈಲಿಗೆ ಸಹಿ ಹಾಕಲು ಮೂರು ದಿನ ಯೋಚಿಸುವ ಮನುಷ್ಯ. ಮೇಜಿನ ಮುಂದೆ ಕೂತರೆ ಕಂಡಕಂಡದ್ದಕ್ಕೆಲ್ಲ ಕೊಡಲಿ ಬೀಸುತ್ತಾರೆ. ಮೊನ್ನೆ ಒಂದು ದಿಕ್ಕು ತೋರಿಸುವ ಕಲ್ಲನ್ನು ಕೊಂದರು.

ಹೊಸ ನಾಡು ಕಟ್ಟಲು ಕೂತೆ. ಬರಲಿಲ್ಲ. ಗೆರೆ ಎಳೆಯಲು ಹೋದರೆ ನಿಮ್ಮ ಹೊಳೆಯೇ ಹರಿಯಿತು. ಬಾಯಿ ತೆರೆದರೆ ನಿಮ್ಮ ದನಿ ಬಂತು. ಎರಡನೆಯ ಪಾಳೆಯಗಾರ ನನ್ನಲ್ಲೂ ತೊದಲುತ್ತಾನೆ. ಏನು ಹೇಳಬೇಕೆಂದು ತೋಚದಾಗ ನಾನು ಕೆಮ್ಮುತ್ತೇನೆ, ಥೇಟ್ ನಿಮ್ಮ ಹಾಗೆ. ಟಯರ್ ಅಂಗಡಿಯಮ್ಮ ಶುಂಠಿ ತಂದುಕೊಟ್ಟರು.

ಇದನ್ನು ಮೊದಲೇ ಏಕೆ ಬರೆಯಲಿಲ್ಲವೆಂದರೆ, "ಸರಿ, ಅವನಿಗೆ ಅಲ್ಲೇ ಒಂದು ಮೇಜು ಸಿಕ್ಕಿತು" ಎಂದು ನೀವು ನಿಶ್ಚಿಂತೆಯಾಗಿಬಿಡುತ್ತೀರೆಂಬ ಹೆದರಿಕೆ. ಸಿಕ್ಕಿಲ್ಲ, ಭಾವ. ಸೂತ್ರಧಾರನಾದ ಮೇಲೆ ನಾನು ತೋಳ, ನಾನು ಬಿರುಗಾಳಿ, ಐದೂ ಜನ ಪಾಳೆಯಗಾರರು ನಾನೇ. ಒಬ್ಬ ಮನುಷ್ಯ ಆಗಿರುವುದು ನಿಮ್ಮ ಮೇಜಿನಲ್ಲಿ ಮಾತ್ರ, ಅದೂ ಮಲಗಿಕೊಂಡು. ಬಂಡಿಯನ್ನು ಜೌಗಿನಲ್ಲಿ ಬಿಟ್ಟರೆ ನಾನು ಎಲ್ಲಿಯೂ ಇರುವುದಿಲ್ಲ. ಬಿಡಬೇಡಿ. ಕೋಟೆಯನ್ನು ಬೇಕಾದರೆ ರಬ್ಬರಿನಲ್ಲಿ ಅಳಿಸುತ್ತೇನೆ.

ಇಷ್ಟೆಲ್ಲ ಒಪ್ಪಿಕೊಂಡೆನೆಂದು ಔಷಧಿ ಅಂಗಡಿಯವನ ವಿಷಯದಲ್ಲಿ ಮೆತ್ತಗಾದೆನೆಂದು ತಿಳಿಯಬೇಡಿ. ಅವನು ಚಂಡಮುಷ್ಟಿಯ ಕಂಬಳಿಯನ್ನೂ ಮುಟ್ಟಕೂಡದು.

ನಿಮ್ಮ ಬಾಮೈದ


ಮಾರ್ಚ್ 30

ಬಾಮೈದ,

ಬಂಡಿ ನಮ್ಮ ಜೊತೆಗೇ ಇದೆ. ನಿನ್ನ ಕಾಗದವನ್ನು ಮೇಜಿನ ಮುಂದೆ ಓದಿದೆ. ಗಡಿಯಾರದವರು ಮೂರು ವರ್ಷದಲ್ಲಿ ಮೊದಲ ಸಲ ತಮ್ಮದೇ ಆದ ಒಂದು ಪೂರ್ತಿ ವಾಕ್ಯ ಹೇಳಿದರು: "ಬಂಡಿ ನಾನು ಎಳೀತೀನಿ."

ಔಷಧಿ ಅಂಗಡಿಯವರು ಪಾಪ, ಜನವರಿಯಿಂದ ಸೊಂಟ ಹಿಡಿದುಕೊಂಡು ಮಲಗಿದ್ದಾರೆ. ಹೊಸಬರು ನಿನ್ನ ಅಕ್ಕ.

ನೀನು ಹೊರಟ ಮೇಲಿನ ಮೊದಲ ಭಾನುವಾರ ಅವಳು ಚಹಾ ತಂದಾಗ ಗಡಿಯಾರದವರು ಆಟದಲ್ಲಿ ಸೇತುವೆಯ ಅಂಚಿನಲ್ಲಿ ಜೋತಾಡುತ್ತಿದ್ದರು, ಸಾಯುವುದೊಂದೇ ಬಾಕಿ. ತಟ್ಟೆ ಹಿಡಿದುಕೊಂಡೇ ನಿಂತು, "ಕೆಳಗಡೆ ದೋಣಿಯವನ ಹಗ್ಗ ಇತ್ತಲ್ಲ, ಅದೇನಾಯ್ತು?" ಎಂದಳು. ಹಗ್ಗವಿತ್ತು. ಎರಡು ತಿಂಗಳ ಹಿಂದೆ ನಾನೇ ಹೇಳಿದ್ದು, ಎಲ್ಲರೂ ಮರೆತಿದ್ದೆವು. ಮೂರು ವರ್ಷ ನಮ್ಮನ್ನು ಬೈಯುತ್ತಲೇ ಒಳಗಿನಿಂದ ಒಂದೊಂದು ಮಾತೂ ಕೇಳಿಸಿಕೊಂಡಿದ್ದಾಳೆ! ಮಕ್ಕಳ ವಾರ್ಡಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿ, ಬಾಯಿ ಬಿಡದ ಮಕ್ಕಳಿಗೆ ಮೂರು ಎಣಿಸುವುದರೊಳಗೆ ಔಷಧಿ ಕುಡಿಸಿದವಳು. ಅವಳಿಗೆ ಪಾಳೆಯಗಾರರು ಯಾವ ಲೆಕ್ಕ? "ನನ್ನ ತಮ್ಮನಿಗೆ ಹೇಳ್ಬೇಡಿ, ನಕ್ಕು ನಕ್ಕು ಸಾಯ್ತಾನೆ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಿನ್ನ ಕೊನೆಯ ಕಾಗದ ಕೇಳಿದ ಮೇಲೆ, "ಇನ್ನು ಹೇಳಿ" ಎಂದಳು.

ಈಗ ನಾನು ಬಚ್ಚಿಟ್ಟದ್ದು. ಅವಳು ಚೆನ್ನಾಗಿ ಆಡುತ್ತಾಳೆಂದು ನಿನಗೆ ಬರೆದೆನಲ್ಲ, ಒಂದೊಂದು ಸಲ ಬರೆಯುವಾಗಲೂ ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಅವಳು ಬಾಯಿ ತೆರೆದರೆ ಬೇಕರಿಯವರು ಮುಂದಕ್ಕೆ ಬಾಗುತ್ತಾರೆ. ನಾನು ಬಾಯಿ ತೆರೆದರೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾರೆ. ಮೊನ್ನೆ ಅವಳು, "ಮೂರು ವರ್ಷ ನೀವೇ ಹೇಳಿದ್ರಿ, ಸಾಕು. ಇನ್ಮೇಲೆ ಕಥೆ ನಾನು ನಡೆಸ್ತೀನಿ" ಎಂದಳು. ಬೇಕರಿಯವರು, ಗಡಿಯಾರದವರು ಇಬ್ಬರೂ ಒಪ್ಪಿ ಕೈ ಎತ್ತಿದರು. ಅಷ್ಟು ಬೇಗ ಎತ್ತಬೇಕಾಗಿರಲಿಲ್ಲ.

ಆದ್ದರಿಂದ ನಾನೀಗ ಸೂತ್ರಧಾರನಲ್ಲ. ಯಾರೂ ಅಲ್ಲ. ಒಂದು ವಿಷಯ ಕೇಳಬೇಕು. ಮೂರು ವರ್ಷ ನೀನು ದಾಳ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಚಂಡಮುಷ್ಟಿಯ ಪ್ರಾಣವನ್ನು ಮೇಜಿನ ಮೇಲೆ ಉರುಳಿಸುತ್ತಿದ್ದಾಗ, ಏನಾಗಲಿದೆಯೆಂದು ಗೊತ್ತಿದ್ದ ನಾನು ಎದುರಿಗೆ ಕೂತು ನಿನ್ನನ್ನು ನೋಡಿ ಉರಿದುಕೊಳ್ಳುತ್ತಿದ್ದೆ. ನನಗೆ ಯಾವತ್ತೂ ಹಾಗೆ ಎದೆ ಹೊಡೆದುಕೊಂಡಿಲ್ಲ. ಹೊಸ ಪಾತ್ರ ಬರೆದುಕೋ ಎನ್ನುತ್ತಾಳೆ ನಿನ್ನ ಅಕ್ಕ. ನನಗೆ ಬೇರೆ ಯಾರೂ ಬೇಡ.

ನೀನು ಬರುವವರೆಗೆ ಚಂಡಮುಷ್ಟಿಯನ್ನು ನಾನು ಆಡಲೆ? ಬೇಡವೆಂದರೆ ಬೇಡ. ಬೇಡವೆನ್ನಬೇಡ.

ಭಾವ


ಏಪ್ರಿಲ್ 8

ಭಾವನವರಿಗೆ,

ಅಕ್ಕ! ಅವಳು ಮೂರು ಎಣಿಸಿ ನನ್ನಿಂದ ಏನೇನು ಮಾಡಿಸಿದ್ದಾಳೆಂದು ನೆನಪಾಗಿ ಕಿವಿ ಬಿಸಿಯಾಯಿತು. ನನಗೇ ಹೊಳೆಯಲಿಲ್ಲವಲ್ಲ. ಔಷಧಿ ಅಂಗಡಿಯವರ ಸೊಂಟ ಹೇಗಿದೆಯೆಂದು ಕೇಳಿದೆನೆಂದು ಹೇಳಿ. ಯಾಕೆಂದು ಹೇಳಬೇಡಿ.

ನಿಮ್ಮ ಕೇಳಿಕೆಗೆ ಮೊದಲು ಬರೆದ ಉತ್ತರ "ಸಾಧ್ಯವಿಲ್ಲ." ಅದನ್ನು ಹರಿದು, "ಯೋಚಿಸುತ್ತೇನೆ" ಎಂದು ಬರೆದೆ. ಅದನ್ನೂ ಹರಿದೆ. ಮೇಲಧಿಕಾರಿಯನ್ನು ಕೇಳಿದೆ. ಅವರು ಮೂರು ದಿನ ಯೋಚಿಸಲಿಲ್ಲ. "ಕೊಟ್ಬಿಡಿ ಕಣ್ರೀ. ಎದುರಿಗೆ ಕೂತು ನೋಡೋದು ಎಷ್ಟು ಕಷ್ಟ ಅಂತ ನಿಮಗೀಗ ಗೊತ್ತಲ್ಲ" ಎಂದರು.

ಆಡಿ, ಭಾವ. ಅವನಿಗೆ ಎಡ ಮಂಡಿ ನೋವು. ಏರು ಹತ್ತುವಾಗ ಬಲಗಾಲು ಮೊದಲಿಡುತ್ತಾನೆ. ಹೆದರಿದಾಗ ಜೋರಾಗಿ ಮಾತಾಡುತ್ತಾನೆ. ಇದು ಯಾರಿಗೂ ಗೊತ್ತಿಲ್ಲ. ಸಾಯಬೇಕಾಗಿ ಬಂದರೆ ಸಾಯಲಿ, ಬಂಡಿಯಲ್ಲಿ ಮಾತ್ರ ಬೇಡ. ಕಾಲ ಮೇಲೆ ನಿಂತು ಸಾಯಲಿ.

ಒಂದೇ ಒಂದು ಉಪಕಾರ ಮಾಡಿ. ಅಕ್ಕ ಕಥೆ ಹೇಗೆ ನಡೆಸುತ್ತಾಳೆಂದು ಬರೆಯಿರಿ. ತಡವರಿಸಿದರೆ ಬರೆಯಿರಿ, ಪಾಳೆಯಗಾರರ ಹೆಸರು ಮರೆತರೆ ಬರೆಯಿರಿ, ಬೇಕರಿಯವರು ಆಕಳಿಸಿದರೆ ಎಷ್ಟು ಸಲವೆಂದು ಬರೆಯಿರಿ. ಒಂದು ವೇಳೆ ಚೆನ್ನಾಗಿದ್ದರೆ, ದಯವಿಟ್ಟು ಏನೂ ಬರೆಯಬೇಡಿ. ಇಷ್ಟು ದೂರದಲ್ಲಿ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ನಿಮ್ಮ ಬಾಮೈದ


ಮೇ 6

ಪ್ರೀತಿಯ ಬಾಮೈದನಿಗೆ,

ಎಲ್ಲರೂ ಚೆನ್ನಾಗಿದ್ದೇವೆ. ಬಿಸಿಲು ಜಾಸ್ತಿಯಾಗಿದೆ. ವರ್ಕ್‌ಶಾಪಿನಲ್ಲಿ ಮೇಣ ಬೇಗ ಕರಗಿ ಹಲ್ಲಿನ ಸಾಲು ಡೊಂಕಾಗುತ್ತದೆ. ನಮ್ಮ ಬೀದಿಯ ನಲ್ಲಿ ರಿಪೇರಿ ಮಾಡಿದರು, ಈಗ ಪಕ್ಕದ ಬೀದಿಯದು ಕೆಟ್ಟಿದೆ. ಔಷಧಿ ಅಂಗಡಿಯವರು ಎದ್ದು ಓಡಾಡುತ್ತಿದ್ದಾರೆ. ನೀನು ವಿಚಾರಿಸಿದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡರು.

ಭಾನುವಾರದ ವಿಷಯ ಬರೆಯಲು ಏನೂ ಇಲ್ಲ. ಅದರ ಹಿಂದಿನ ಭಾನುವಾರವೂ ಏನೂ ಇರಲಿಲ್ಲ. ಅದಕ್ಕೂ ಹಿಂದಿನ ಭಾನುವಾರ ಬೇಕರಿಯವರು ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದರು, ಕಣ್ಣಿಗೆ ಏನಾದರೂ ಬಿದ್ದಿರಬಹುದು. ನಾನು ಇವತ್ತೂ ಜೋರಾಗಿ ಮಾತಾಡುತ್ತಿದ್ದೇನಂತೆ, ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲಿಡುತ್ತೇನಂತೆ.

ನಿನಗೆ ರಜ ಯಾವಾಗ ಸಿಗುತ್ತದೆ?

ಭಾವ